ದಾರ ಬಿಚ್ಚಿದ ಹೊತ್ತು

"ಗುರುಗಳೇ, ದೂರದ ಕಂಪ್ಯೂಟರುಗಳಿಗೆ ಕಡತಗಳನ್ನು ಒದಗಿಸುವ ಪ್ರೋಗ್ರಾಮೊಂದು ನನ್ನ ಪಾಲನೆಯಲ್ಲಿದೆ. ಹೊರಗಿನಿಂದ ಸಿಗ್ನಲ್ ಬಂದೊಡನೆ ಅದು ಹಿಡಿದ ಕೆಲಸ ಬಿಟ್ಟು ಓಗೊಡುತ್ತದೆ. ಆದರೂ ಒಮ್ಮೊಮ್ಮೆ ಒಬ್ಬರ ಕಡತದೊಳಗೆ ಇನ್ನೊಬ್ಬರದು ಬೆರೆಯುತ್ತದೆ. ಪ್ರತಿ ಹೆಜ್ಜೆಯನ್ನೂ ಬರೆದಿಡುವಂತೆ ಮಾಡಿ ಕಾದರೆ ದೋಷ ಕಾಣದು; ಆ ಬರೆದಿಡುವುದನ್ನು ತೆಗೆದರೆ ದೋಷ ಮರಳುತ್ತದೆ. ನೋಡಿದರೆ ಅಡಗುವುದನ್ನು ಹಿಡಿಯುವುದು ಹೇಗೆ?" ಎಂದು ಶಿಷ್ಯನಾದ ಧರಣೇಂದ್ರನು ಕೇಳಿದನು.

ಗುರುಗಳು ಹೇಳತೊಡಗಿದರು.

ಓಲೆಗರಿಗಳ ಭಂಡಾರವೊಂದರಲ್ಲಿ ಒಬ್ಬ ಲಿಪಿಕಾರನಿದ್ದನು. ದೂರದಿಂದ ಬಂದವರು ಬಾಗಿಲ ಗಂಟೆ ಬಾರಿಸುವರು. ಅವನು ಮೂಲದ ಕಟ್ಟನ್ನು ಬಿಚ್ಚಿ, ಪ್ರತಿ ತೆಗೆದು, ಮತ್ತೆ ದಾರ ಪೋಣಿಸಿ ಕಟ್ಟುವನು. ಕಟ್ಟು ಬಿಚ್ಚಿದ್ದರೂ ಅದನ್ನು ಹಾಗೆಯೇ ಬಿಟ್ಟು ಗಂಟೆಯ ಮೊದಲ ದನಿಗೇ ಏಳುವುದು ಅವನ ವ್ರತ.

ಒಂದು ದಿನ ವೈದ್ಯನೊಬ್ಬನು ತಾನು ಒಯ್ದಿದ್ದ ಕಟ್ಟನ್ನು ಹಿಂದಕ್ಕೆ ತಂದು, "ಏನಯ್ಯಾ, ನಿಮ್ಮಲ್ಲಿ ಕುದುರೆಯ ಹೊಟ್ಟೆಗೂ ಮನುಷ್ಯರ ಕಣ್ಣಿಗೂ ಒಂದೇ ಮದ್ದೋ?" ಎಂದನು. ಓಲೆಗಳು ಬೆರೆತಿದ್ದವು. ಇನ್ನೊಮ್ಮೆ ಹೀಗಾದರೆ ಬರೆಯುವ ಕಂಟವನ್ನು ಕೆಳಗಿಟ್ಟು ಹೊರಡಬೇಕೆಂದು ಭಂಡಾರದ ಹಿರಿಯನು ಎಚ್ಚರಿಸಿ, ತಾನೇ ಪಕ್ಕದಲ್ಲಿ ಕುಳಿತನು. ಗಂಟೆ ಬಾರಿಸಿದಾಗಲೆಲ್ಲ ಯಾರು ಬಂದರೆಂದು ಕೇಳುವನು. ಉತ್ತರಿಸುವಷ್ಟರಲ್ಲಿ ಲಿಪಿಕಾರನ ಕೈ ತಾನಾಗಿ ದಾರವನ್ನು ಬಿಗಿಯುವುದು. ಒಂದು ಓಲೆಯೂ ಬೆರೆಯಲಿಲ್ಲ. ಹಿರಿಯನು ನಿಶ್ಚಿಂತನಾಗಿ ಎದ್ದುಹೋದ ಮರುದಿನವೇ ಬೆರೆತ ಓಲೆಯೊಂದನ್ನು ಲಿಪಿಕಾರನು ತಾನೇ ಕಂಡು ಕಂಗೆಟ್ಟನು.

ಆ ಮಧ್ಯಾಹ್ನ ಬಿಚ್ಚಿದ ಕಟ್ಟಿನ ಮೇಲೆ ತಲೆಯಿಟ್ಟು ಮಂಪರಿಗೆ ಜಾರಿದನು. ಕನಸಿನಲ್ಲಿ ಗಂಟೆ ನೀರೊಳಗಿನಿಂದೆಂಬಂತೆ ಕೇಳಿಸಿತು. ಬಿಡಿ ಓಲೆಗಳು ಸದ್ದಿಲ್ಲದೆ ಮೇಲೆದ್ದು ತೇಲಿದವು. ಬಾಗಿಲಿನಿಂದ ಒಬ್ಬನು ಬಂದು, ಅದೇ ಮಣೆಯ ಮೇಲೆ ಕುಳಿತು, ಅದೇ ಕಂಟವನ್ನು ಹಿಡಿದು, ಅದೇ ಕಟ್ಟಿಗೆ ಕೈಹಾಕಿದನು. ಅವನು ಮುಖವೆತ್ತಿದಾಗ ಲಿಪಿಕಾರನು ಕಂಡದ್ದು ತನ್ನ ಮುಖವನ್ನೇ.

"ಇದು ನಾನು ಬಿಚ್ಚಿಟ್ಟ ಕಟ್ಟು" ಎಂದನು ಲಿಪಿಕಾರ.

"ನನಗೆ ಯಾರೂ ಹೇಳಲಿಲ್ಲ" ಎಂದನು ಬಂದವನು.

ಎಚ್ಚತ್ತ ಲಿಪಿಕಾರನು ಒಂದು ಬಟ್ಟಲನ್ನೂ ಹಿಡಿ ಗುಲಗಂಜಿಯನ್ನೂ ತಂದಿಟ್ಟುಕೊಂಡನು. ಅಂದಿನಿಂದ ಗಂಟೆ ಕೇಳಿದರೆ ಏಳುತ್ತಿರಲಿಲ್ಲ. ಬಟ್ಟಲಿಗೆ ಒಂದು ಕಾಳು ಹಾಕುವನು, ಅಷ್ಟೇ. ಹಿಡಿದುದನ್ನು ಮುಗಿಸಿ, ದಾರ ಬಿಗಿದು, ಆಮೇಲೆ ಬಟ್ಟಲನ್ನು ನೋಡಿ ಏಳುವನು. ಬಾಗಿಲಲ್ಲಿ ನಿಂತವರು ಸೋಮಾರಿಯೆಂದು ಮೂದಲಿಸಿದರು. ವೈದ್ಯನೂ ಗೊಣಗುತ್ತಲೇ ಕಾದು ತನ್ನ ಕಟ್ಟನ್ನು ಒಯ್ದನು; ಅದು ಹಿಂದಿರುಗಿ ಬರಲಿಲ್ಲ.

"ಆದರೆ ಗುರುಗಳೇ, ಬಾಗಿಲಲ್ಲಿ ನಿಂತವರ ಅವಸರ ದೊಡ್ಡದಲ್ಲವೇ?" ಎಂದನು ಧರಣೇಂದ್ರ.

"ಅವರ ಅವಸರ ಅವರಿಗೆ ಗೊತ್ತು, ಮಗೂ, ದಾರ ಬಿಚ್ಚಿರುವುದು ನಿನಗೊಬ್ಬನಿಗೇ ಗೊತ್ತು" ಎಂದರು ಗುರುಗಳು.