ಹೆಗ್ಗಣರಾಯರ ಸಹಿ ಬ್ಯಾಟು

ಮಳೆಗಾಲಕ್ಕೆಂದು ಕೂಡಿಟ್ಟ ಕಡಲೆಕಾಯಿಯನ್ನೆಲ್ಲ ಗುಜರಿ ನರಿಗೆ ಸುರಿದು ಹೆಗ್ಗಣರಾಯರು ಹಳೇ ಕ್ರಿಕೆಟ್ ಬ್ಯಾಟೊಂದನ್ನು ತಂದರು. ಅದರ ಮೇಲೆ ಮಹಾನ್ ಆಟಗಾರನೊಬ್ಬನ ಸಹಿ ಇತ್ತಂತೆ. ನೋಡಲು ಬಂದ ಕಾಗಮ್ಮ ಕತ್ತು ಓರೆ ಮಾಡಿದಳು.

"ರಾಯರೇ, ಇದು ಬರೀ ಕಾಗೆಕಾಲು ಗುಬ್ಬಿಕಾಲು ಇದ್ದ ಹಾಗಿದೆಯಲ್ಲ?"

"ದೊಡ್ಡವರ ಸಹಿ ಹಾಗೇ ಇರುತ್ತದೆ. ಓದಲು ಬಂದರೆ ಅದು ಗುಮಾಸ್ತನದು."

"ಹಾಗಲ್ಲ, ಇದು ನನ್ನದೇ ಕಾಲು. ಮೈದಾನದಲ್ಲಿ ಬಣ್ಣದ ಡಬ್ಬಿಗೆ ಕಾಲಿಟ್ಟು ಈ ಬ್ಯಾಟಿನ ಮೇಲೆ ನಡೆದಿದ್ದೆ," ಎಂದ ಕಾಗಮ್ಮ ಸಹಿಯ ಮೇಲೆ ಪಾದ ಊರಿ ತೋರಿಸಿದಳು. ಗೆರೆಗೆ ಗೆರೆ ಕೂತಿತು.

ರಾಯರು ಕೆಂಡಾಮಂಡಲವಾದರು. "ಮಹನೀಯರ ಸಹಿಗೆ ಕಾಲು ತಾಗಿಸುತ್ತೀಯಾ? ಮೊದಲು ಮುಟ್ಟಿ ಕಣ್ಣಿಗೊತ್ತಿಕೋ!"

ಹಸಿದ ಮರಿಗಳೂ ಅಪ್ಪನ ಪರವಾಗಿ ಹಲ್ಲು ಮಸೆದವು. ಕಾಗಮ್ಮ ತನ್ನ ಹೆಜ್ಜೆಗುರುತನ್ನೇ ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.