ಬೈಯಲು ಉಳಿದವರು

ರೆಕಾರ್ಡ್ ಅಂಗಡಿಯ ಗೋಡೆಯ ಮೇಲೆ ಒಂದು ಜೇಡವೂ ಒಂದು ಹಲ್ಲಿಯೂ ವಾಸವಾಗಿದ್ದವು. ಜೇಡಕ್ಕೆ ಪ್ರೋಗ್ರೆಸಿವ್ ರಾಕ್ ಸಂಗೀತವೆಂದರೆ ಪ್ರಾಣ. ಒಂದೇ ಹಾಡು ರೆಕಾರ್ಡಿನ ಒಂದು ಮಗ್ಗುಲನ್ನು ಪೂರ್ತಿ ತುಂಬಬೇಕು. ಹಲ್ಲಿಗೆ ಪಂಕ್ ಸಂಗೀತವೆಂದರೆ ಪ್ರಾಣ. ಕೂಗಿ, ಬಡಿದು, ಎರಡು ನಿಮಿಷದಲ್ಲಿ ಮುಗಿಸಬೇಕು.

“ನಿನ್ನದು ಸಂಗೀತವೇ ಅಲ್ಲ, ತಗಡಿನ ಮೇಲೆ ಕಲ್ಲು ಬಿದ್ದ ಸದ್ದು,” ಎನ್ನುತ್ತಿತ್ತು ಜೇಡ.

“ನಿನ್ನ ಹಾಡು ಶುರುವಾಗುವಷ್ಟರಲ್ಲಿ ನನಗೆ ಮತ್ತೆ ಹಸಿವಾಗಿರುತ್ತದೆ,” ಎನ್ನುತ್ತಿತ್ತು ಹಲ್ಲಿ.

ಒಂದು ದಿನ ಅಂಗಡಿಯವನು ರೆಕಾರ್ಡುಗಳನ್ನೆಲ್ಲ ಮಾರಿ, ಬೀಗ ಹಾಕಿಕೊಂಡು ಹೊರಟುಹೋದ. ಹಾಡು ನಿಂತಿತು. ದೀಪವಿಲ್ಲದ ಮೇಲೆ ಹುಳುಗಳೂ ಬರಲಿಲ್ಲ. ಹಸಿವು ತಡೆಯದ ಹಲ್ಲಿ ಬಲೆಯ ಅಂಚಿಗೆ ಬಂದು ಜೇಡದ ಮುಂದೆ ಬಾಯಿ ತೆರೆಯಿತು.

“ತಿನ್ನು, ಬೇಡವೆನ್ನುವುದಿಲ್ಲ,” ಎಂದಿತು ಜೇಡ. “ಅದಕ್ಕೆ ಮೊದಲು ಒಂದು ಮಾತು ಹೇಳು. ನನ್ನ ಆ ದೊಡ್ಡ ಹಾಡಿನಲ್ಲಿ ಕೊಳಲು ನಿಂತ ಮೇಲೆ ಏನು ಬರುತ್ತಿತ್ತು? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.”

“ಕೀಬೋರ್ಡು!” ಎಂದಿತು ಹಲ್ಲಿ ತಟ್ಟನೆ. “ಕರು ಸತ್ತ ಎಮ್ಮೆಯ ಹಾಗೆ ಎಳೆದೆಳೆದು ಅಳುತ್ತಿತ್ತು. ಆಮೇಲೆ ಗಿಟಾರು, ಒಂಟಿಯಾಗಿ. ಅದನ್ನು ನಾನು ಬೈದದ್ದು ಒಂದೆರಡು ಸಲವೇ?”

ಜೇಡ ಅಲ್ಲಾಡದೆ ಕೇಳಿಸಿಕೊಂಡಿತು. “ಹೌದು, ಹಾಗೇ ಅಳುತ್ತಿತ್ತು,” ಎಂದಿತು.

ಹಲ್ಲಿ ತೆರೆದ ಬಾಯಿ ಮುಚ್ಚಿತು. ಮೆಲ್ಲಗೆ ಕೇಳಿತು: “ನನ್ನ ಹಾಡು ಹೇಗಿತ್ತು?”

“ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ.”

ಹಲ್ಲಿ ಬಲೆಯ ಪಕ್ಕದಲ್ಲೇ ಕುಳಿತುಕೊಂಡಿತು.

“ಇನ್ನೊಂದು ಸಲ ಬೈಯಿ,” ಎಂದಿತು. “ಜೋರಾಗಿ.”