ಹಾಯಿಬಟ್ಟೆಯ ಮಾತು

"ಗುರುಗಳೇ, ಎದುರಿನವರ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಾದ ಮೇಲೂ ಕೇಳುತ್ತ ಕೂರಬೇಕೇ?"

ಕೇಳಿದವನು ನಿರುಪಾದಿ. ನೇಕಾರರ ಮನೆಯವನು, ಮಠ ಸೇರಿ ಆರು ವರ್ಷವಾಗಿತ್ತು. ಅಂದು ಬೆಳಿಗ್ಗೆ ಅವನ ಅಣ್ಣ ಮೂರು ಹರದಾರಿ ನಡೆದು ಬಂದಿದ್ದ. ಅಪ್ಪನ ಮಗ್ಗವನ್ನು ನಾನು, ನಿನ್ನನ್ನು ಒಂದು ಮಾತೂ ಕೇಳದೆ, ಎಂದು ಅವನು ಬಾಯಿ ತೆಗೆದಿದ್ದೇ ತಡ, ಮಾರಿಕೊಂಡಿದ್ದಾನೆ ಎಂದು ನಿರುಪಾದಿಗೆ ತಿಳಿದುಹೋಯಿತು. ಎದ್ದು ಒಳಗೆ ಬಂದು ಗುರುಗಳಿಗೆ ಇಷ್ಟನ್ನೂ ಹೇಳಿದ್ದ. ಅಣ್ಣ ಇನ್ನೂ ಮಠದ ಬಾಗಿಲಲ್ಲೇ ಕೂತಿದ್ದ.

ಗುರುಗಳು ನಕ್ಕರು. ನಿನ್ನಷ್ಟೇ ಚುರುಕಾದವನೊಬ್ಬನಿದ್ದ, ಕೇಳು ಎಂದು ಹೇಳತೊಡಗಿದರು.

ದೂರದ ದೇಶದಲ್ಲೊಂದು ಬಂದರು. ಅಲ್ಲಿ ಅರ್ಧ ಜನರದು ಫ್ರೆಂಚ್, ಅರ್ಧ ಜನರದು ಡಚ್. ನಡುವೆ ಒಬ್ಬ ದುಭಾಷಿ. ಅವನ ಕೆಲಸ ಸುಲಭದ್ದಲ್ಲಪ್ಪ. ಫ್ರೆಂಚರು ಯಾರು ಎಂದು ಹೇಳಿದ ಬೆನ್ನಿಗೇ ಏನು ಮಾಡಿದ ಎಂಬುದನ್ನೂ ಹೇಳಿಬಿಡುತ್ತಾರೆ. ಎಲ್ಲಿ, ಹೇಗೆ ಎಂಬುದೆಲ್ಲ ಆಮೇಲೆ. ಡಚ್ಚರು ನಡೆದುಹೋದದ್ದನ್ನು ಹೇಳುವಾಗ ಹಾಗಲ್ಲ. ಏನೋ ಮಾಡಿದ್ದುಂಟು ಎಂಬ ಸಣ್ಣ ಸುಳಿವನ್ನು ಮೊದಲು ಕೊಟ್ಟು, ಯಾರನ್ನು, ಎಲ್ಲಿ, ಹೇಗೆ ಎಂದು ಊರೆಲ್ಲ ಸುತ್ತಿಸಿ, ಮಾಡಿದ್ದೇನು ಎಂಬುದನ್ನು ಕಟ್ಟಕಡೆಗೆ ಇಡುತ್ತಾರೆ. ಹಾಗಾಗಿ ಡಚ್ಚಿನ ಕೊನೆಯ ಪದ ಬರುವ ತನಕ ಫ್ರೆಂಚಿನಲ್ಲಿ ಶುರುಮಾಡುವುದೇ ಕಷ್ಟ. ಬೇರೆ ದುಭಾಷಿಗಳು ಕಾಯುತ್ತಿದ್ದರು. ಇವನು ಮುಖ ನೋಡಿ ಕೊನೆಯನ್ನು ಊಹಿಸುತ್ತಿದ್ದ. ಊಹೆ ತಪ್ಪಿದ್ದೂ ಇಲ್ಲ. ಅಬ್ಬಾ, ಎಂಥ ಚುರುಕು ಎಂದು ಊರೇ ಹೊಗಳುತ್ತಿತ್ತು.

ಒಂದು ದಿನ ಒಬ್ಬ ಡಚ್ ನಾವಿಕ ಒಬ್ಬ ಫ್ರೆಂಚ್ ತಾಯಿಯ ಮನೆಗೆ ಬಂದ. ಅವಳ ಮಗನಿದ್ದ ಹಡಗು ಬಿರುಗಾಳಿಗೆ ಒಡೆದು ತಿಂಗಳಾಗಿತ್ತು. ದುಭಾಷಿ ನಡುವೆ ಕೂತ. ನಾವಿಕ ಶುರುಮಾಡಿದ: ನಾನು ನಿಮ್ಮ ಮಗನನ್ನು, ಹಡಗು ಒಡೆದ ಮೂರನೆಯ ದಿನ, ಈ ನನ್ನ ಕೈಗಳಿಂದಲೇ, ಹಾಯಿಬಟ್ಟೆಯಲ್ಲಿ ಸುತ್ತಿ... ಅಷ್ಟಕ್ಕೆ ಅವನಿಗೆ ಅಳು ಬಂದುಬಿಟ್ಟಿತು.

ಸತ್ತವರನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಬಿಡುವುದು ನಾವಿಕರ ಪದ್ಧತಿ. ದುಭಾಷಿಗೆ ಅಷ್ಟು ಸಾಕಾಗಿತ್ತು. ಹೇಳಲೆಂದು ಬಾಯಿ ತೆರೆದ. ತಾಯಿ ಅವನ ಕೈ ಹಿಡಿದು ತಡೆದಳು.

"ನಿನ್ನ ಮಾತು ಬೇಡಪ್ಪ. ಅವನ ಮಾತು ಬರಲಿ."

ದುಭಾಷಿ ಜನ್ಮದಲ್ಲಿ ಮೊದಲ ಸಲ ಕಾದ. ಮಗ ಈಗ ಸತ್ತೂ ಇಲ್ಲ, ಬದುಕಿಯೂ ಇಲ್ಲ. ಅವನ ಜೀವವೆಲ್ಲ ನಾವಿಕನ ನಾಲಿಗೆಯ ತುದಿಯಲ್ಲಿದೆ ಎನ್ನಿಸಿತು. ಮಾತೆಂದರೆ ಇಷ್ಟು ದೊಡ್ಡದೇ ಎಂದು ಬೆರಗಾದ. ನಾವಿಕ ಕಣ್ಣೊರೆಸಿಕೊಂಡು ಕೊನೆಯ ಪದ ಆಡಿದ: ಬದುಕಿಸಿಕೊಂಡೆ.

ದುಭಾಷಿ ಅದನ್ನು ತಾಯಿಗೆ ಫ್ರೆಂಚಿನಲ್ಲಿ ಹೇಳಿದ. ಅವನು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದುದು ಸಮುದ್ರಕ್ಕೆ ಬಿಟ್ಟೆ ಎಂಬ ಮಾತನ್ನು. ಇಷ್ಟು ವರ್ಷ ಒಬ್ಬರ ಮಾತನ್ನೂ ತಾನು ಪೂರ್ತಿ ಕೇಳಿರಲಿಲ್ಲ ಎಂಬುದು ಆಗ ತಿಳಿಯಿತು. ಆಮೇಲೆ ಆ ಬಂದರಿನಲ್ಲಿ ಅವನಷ್ಟು ನಿಧಾನದ ದುಭಾಷಿ ಇನ್ನೊಬ್ಬನಿರಲಿಲ್ಲ.

ಕತೆ ಮುಗಿಯಿತು. ನಿರುಪಾದಿಯ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ಗುರುಗಳು ಕೇಳಿದರು:

"ಅಪ್ಪನ ಮಗ್ಗವನ್ನು ನಾನು, ನಿನ್ನನ್ನು ಕೇಳದೆ, ಎಂದನಲ್ಲ ನಿನ್ನಣ್ಣ, ಆಮೇಲೆ ಏನೆಂದ?"